ಕೆರಿಬಿಯನ್ ಮೇಷ್ಟ್ರು ಪ್ರೊಫೆಸರ್ ಆಗುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಮೈಕಾ, ಟ್ರಿನಿಡಾಡ್, ಗಯಾನಾ ಅಂದ ತಕ್ಷಣ ನಮ್ಮಲ್ಲಿ ಮಾತು ಕ್ರಿಕೆಟ್ ಕಡೆ ಹೊರಳುತ್ತದೆ. ಅಲ್ಲಿನ ಶಾಲೆಗಳ ಬಗ್ಗೆ, ಪಾಠ ಮಾಡುವವರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಇಲ್ಲಿರುವವು ಶಿಕ್ಷಕರು, ಬಿ.ಎಡ್. ಓದುತ್ತಿರುವವರು, ಆ ಕಡೆ ಕೆಲಸಕ್ಕೆ ಹೋಗಿ ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿದವರು ಕೇಳುವಂಥ ಪ್ರಶ್ನೆಗಳು. ನನಗೆ ಈ ವಿಷಯ ಹಿಡಿಸಿದ್ದಕ್ಕೆ ಕಾರಣ ಇಷ್ಟೇ. ನೂರು ವರ್ಷ ಬೇರೆ ಯಾರೋ ಬರೆದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿದ್ದ ಜನ, ಕೊನೆಗೆ ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ಬರೆಯುವಂತಾದರು. ಶಾಲೆಯ ಮೇಷ್ಟ್ರು, ವಿಶ್ವವಿದ್ಯಾಲಯದ ಮೇಷ್ಟ್ರು ಒಂದೇ ಮೇಜಿನ ಸುತ್ತ ಕೂತಿದ್ದರಿಂದ ಅದು ಆಯಿತು.

ಕೆರಿಬಿಯನ್ ಅಂದರೆ ಹಲವು ದೇಶ ಅಲ್ವಾ? ಎಲ್ಲ ಕಡೆ ಒಂದೇ ಪರೀಕ್ಷೆನಾ?

ಕ್ರಿಕೆಟ್ ತಂಡ ಒಂದು, ದೇಶಗಳು ಹಲವು. ಕ್ಯೂಬಾ, ಹೈಟಿ, ಡೊಮಿನಿಕನ್ ರಿಪಬ್ಲಿಕ್ ಕೂಡ ಕೆರಿಬಿಯನ್ನೇ, ಆದರೆ ಅವರ ಶಾಲಾ ವ್ಯವಸ್ಥೆ ಪೂರ್ತಿ ಬೇರೆ. ಇಲ್ಲಿ ಹೇಳುತ್ತಿರುವುದು ಬ್ರಿಟಿಷರ ಆಳ್ವಿಕೆ ಕಂಡ, ಇಂಗ್ಲಿಷಿನಲ್ಲಿ ಪಾಠ ನಡೆಯುವ ಜಾಗಗಳ ಬಗ್ಗೆ.

ಇವುಗಳಲ್ಲಿ 16 ದೇಶ ಮತ್ತು ಪ್ರಾಂತ್ಯಗಳು ಸೇರಿ ಒಂದು ಪರೀಕ್ಷಾ ಮಂಡಳಿ ನಡೆಸುತ್ತವೆ. ಅದೇ ಕೆರಿಬಿಯನ್ ಎಕ್ಸಾಮಿನೇಷನ್ಸ್ ಕೌನ್ಸಿಲ್. ಎಲ್ಲರೂ ಕರೆಯುವುದು ಸಿಎಕ್ಸ್‌ಸಿ ಅಂತ. 1972ರಲ್ಲಿ ಶುರುವಾಯಿತು, ಮುಖ್ಯ ಕಚೇರಿ ಬಾರ್ಬಡೋಸ್‌ನಲ್ಲಿದೆ. ಲಕ್ಷಾಂತರ ಜನರಿರುವ ಜಮೈಕಾವೂ ಇದರಲ್ಲಿದೆ, ಕೆಲವೇ ಸಾವಿರ ಜನರಿರುವ ಮಾಂಟ್ಸೆರಾಟ್ ಕೂಡ ಇದೆ. ಬಹಾಮಾಸ್ ಮಾತ್ರ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ.

ಹದಿನಾರು ಸರ್ಕಾರಗಳು ಒಂದೇ ಪ್ರಶ್ನೆಪತ್ರಿಕೆಗೆ ಒಪ್ಪುವುದು ಸಣ್ಣ ವಿಷಯವಲ್ಲ. ಒಂದೇ ದೇಶವಾಗಿ ಇರೋಣ ಅಂತ 1958ರಲ್ಲಿ ಒಕ್ಕೂಟ ಕಟ್ಟಿದ್ದರು, ಅದು 1962ಕ್ಕೆ ಮುರಿದುಬಿತ್ತು. ಉಳಿದುಕೊಂಡದ್ದು ವಿಶ್ವವಿದ್ಯಾಲಯ, ಕ್ರಿಕೆಟ್ ತಂಡ. ಆಮೇಲೆ ಅದರ ಜೊತೆಗೆ ಈ ಪರೀಕ್ಷಾ ಮಂಡಳಿಯೂ ಸೇರಿತು.

ಮಗುವಿಗೆ ಮೊದಲ ದೊಡ್ಡ ಪರೀಕ್ಷೆ ಯಾವಾಗ?

ಹನ್ನೊಂದು ವಯಸ್ಸಿನ ಆಸುಪಾಸಿನಲ್ಲಿ. ಟ್ರಿನಿಡಾಡ್‌ನಲ್ಲಿ ಅದಕ್ಕೆ ಎಸ್‌ಇಎ ಅನ್ನುತ್ತಾರೆ, 2001ರಿಂದ ಇದೆ. ಜಮೈಕಾದಲ್ಲಿ 2019ರಿಂದ ಪೆಪ್. ಹಳೆಯ ಹೆಸರು ಕಾಮನ್ ಎಂಟ್ರೆನ್ಸ್. ಯಾವ ಹೈಸ್ಕೂಲಿಗೆ ಸೇರುತ್ತೀರಿ ಅನ್ನುವುದು ಇದರಲ್ಲಿ ಬಂದ ಅಂಕದ ಮೇಲೆ ನಿಂತಿದೆ. ಹಾಗಾಗಿ ಟ್ಯೂಷನ್ ಹಾವಳಿ ಅಲ್ಲೂ ಜೋರು. ಟ್ರಿನಿಡಾಡ್‌ನವರು ಅದಕ್ಕೆ ‘ಲೆಸನ್ಸ್’ ಅನ್ನುತ್ತಾರೆ. ಹತ್ತು ವರ್ಷದ ಮಕ್ಕಳು ಶಾಲೆ ಬಿಟ್ಟ ಮೇಲೂ, ಶನಿವಾರವೂ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ.

ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ತೀರಾ ಅನ್ಯಾಯದ ಮೆಟ್ಟಿಲು ಇದೇ. ಹನ್ನೊಂದನೇ ವಯಸ್ಸಿಗೆ ಮಗುವನ್ನು ಒಳ್ಳೆ ಶಾಲೆ, ಸಾಧಾರಣ ಶಾಲೆ ಅಂತ ಬೇರೆ ಮಾಡಿಬಿಟ್ಟರೆ, ಮುಂದೆ ಮೇಷ್ಟ್ರಾಗುವವರು ಯಾರು, ಪ್ರೊಫೆಸರ್ ಆಗುವವರು ಯಾರು ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾದ ಹಾಗೆ. ಇದು ಅಲ್ಲಿನವರಿಗೂ ಗೊತ್ತು. ಪರೀಕ್ಷೆಯ ಹೆಸರು, ರೂಪ ಮತ್ತೆ ಮತ್ತೆ ಬದಲಾಗಿರುವುದು ಅದಕ್ಕೇ.

ಸೀಸೆಕ್ ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ತರಹವಾ?

ಹತ್ತಿರ ಹತ್ತಿರ. ಸೀಸೆಕ್ ಅನ್ನುವುದು ಸಿಎಕ್ಸ್‌ಸಿ ನಡೆಸುವ ಹೈಸ್ಕೂಲು ಪರೀಕ್ಷೆ. ಹದಿನಾರರ ವಯಸ್ಸಿಗೆ, ಫಾರ್ಮ್ ಫೈವ್, ಅಂದರೆ ಹೈಸ್ಕೂಲಿನ ಐದನೇ ವರ್ಷ ಮುಗಿಸುವಾಗ ಬರೆಯುತ್ತಾರೆ. ಮುಖ್ಯ ವ್ಯತ್ಯಾಸ ಏನೆಂದರೆ ಇಲ್ಲಿ ಒಟ್ಟು ಪರ್ಸೆಂಟೇಜ್ ಅನ್ನುವುದಿಲ್ಲ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಗ್ರೇಡ್, 1ರಿಂದ 6ರವರೆಗೆ. 1, 2, 3 ಬಂದರೆ ಪಾಸು ಅಂತ ಲೆಕ್ಕ. ಮೊದಲು 1 ಮತ್ತು 2 ಮಾತ್ರ ಲೆಕ್ಕಕ್ಕಿದ್ದವು, 1998ರಿಂದ 3 ಕೂಡ ಸೇರಿತು. ಅದಕ್ಕೇ ಅಲ್ಲಿ ಯಾರೂ ‘ಎಷ್ಟು ಪರ್ಸೆಂಟ್’ ಅಂತ ಕೇಳುವುದಿಲ್ಲ, ‘ಎಷ್ಟು ಸಬ್ಜೆಕ್ಟ್’ ಅಂತಲೇ ಕೇಳುವುದು. ಇಂಗ್ಲಿಷ್, ಗಣಿತ ಸೇರಿ ಐದು ಸಬ್ಜೆಕ್ಟ್ ಇದ್ದರೆ ಮುಂದಿನ ಬಾಗಿಲು ತೆರೆಯುತ್ತದೆ. ಗಣಿತದಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳು ಪಾಸಾದ ಸುದ್ದಿ ವರ್ಷ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಬಹಳ ಜನರ ದಾರಿ ಅಲ್ಲೇ ನಿಲ್ಲುತ್ತದೆ. ಕೆಲವರು ಕೆಲಸ ಮಾಡುತ್ತಾ, ಸಂಜೆ ಕ್ಲಾಸಿಗೆ ಹೋಗಿ, ಎರಡು ಮೂರು ಸಲ ಬರೆದು ಆ ಒಂದು ಗಣಿತ ಮುಗಿಸಿಕೊಳ್ಳುತ್ತಾರೆ.

ಅಂಕದ ಒಂದು ಭಾಗ ಶಾಲೆಯಲ್ಲೇ ಮಾಡುವ ಕೆಲಸಕ್ಕೆ ಸಿಗುತ್ತದೆ. ಅದಕ್ಕೆ ಎಸ್‌ಬಿಎ ಅನ್ನುತ್ತಾರೆ. ಶಿಕ್ಷಕರೇ ಅಂಕ ಕೊಡುತ್ತಾರೆ, ಮಂಡಳಿಯವರು ಕೆಲವು ತರಿಸಿಕೊಂಡು ಪರಿಶೀಲಿಸುತ್ತಾರೆ. 2020ರಲ್ಲಿ ಕೋವಿಡ್‌ನಿಂದಾಗಿ ದೀರ್ಘ ಉತ್ತರದ ಪತ್ರಿಕೆ ಬಿಟ್ಟು, ಬಹು ಆಯ್ಕೆ ಪ್ರಶ್ನೆ ಮತ್ತು ಎಸ್‌ಬಿಎ ಮೇಲೆ ಫಲಿತಾಂಶ ಕೊಟ್ಟರು. ಆಗ ದೊಡ್ಡ ಗಲಾಟೆಯೇ ಆಯಿತು, ಸ್ವತಂತ್ರ ಸಮಿತಿ ಕೂರಿಸಬೇಕಾಯಿತು.

ಆಮೇಲೆ ಕೇಪ್. ಅದರಲ್ಲಿ ಏನು ವಿಶೇಷ?

ಕೇಪ್ ಕೂಡ ಸಿಎಕ್ಸ್‌ಸಿ ಪರೀಕ್ಷೆಯೇ, ನಮ್ಮ ಪಿಯುಸಿ ಜಾಗದಲ್ಲಿ ಬರುತ್ತದೆ. 1998ರಲ್ಲಿ ಶುರುವಾಗಿ, ನಿಧಾನಕ್ಕೆ ಕೇಂಬ್ರಿಜ್‌ನ ಎ ಲೆವೆಲ್ ಪರೀಕ್ಷೆಯ ಜಾಗ ಹಿಡಿಯಿತು. ಎರಡು ವರ್ಷ, ಒಂದೊಂದು ವರ್ಷಕ್ಕೆ ಒಂದೊಂದು ಯೂನಿಟ್. ಆದರೆ ಮೇಷ್ಟ್ರಿಂದ ಸಂಶೋಧಕರಾಗುವ ದಾರಿ ನೋಡುವವರಿಗೆ ಇದರಲ್ಲಿ ನಿಜಕ್ಕೂ ಮುಖ್ಯವಾದ ಪತ್ರಿಕೆ ಕೆರಿಬಿಯನ್ ಸ್ಟಡೀಸ್. ಕೇಪ್ ಮೂಲಕ ಅಸೋಸಿಯೇಟ್ ಡಿಗ್ರಿ (ಪೂರ್ತಿ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನದು) ಬೇಕು ಅನ್ನುವವರು ಇದನ್ನು ಓದಲೇಬೇಕು. ವಿಜ್ಞಾನದವರಿಗೂ ವಿನಾಯಿತಿ ಇಲ್ಲ.

ಇದರಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಪುಟ್ಟ ಸಂಶೋಧನೆ ಮಾಡಬೇಕು. ಉದಾಹರಣೆಗೆ ಟೊಬೇಗೋದ ಹುಡುಗಿಯೊಬ್ಬಳು ತನ್ನೂರ ಕಡಲ ದಂಡೆಗೆ ಬಂದು ಬೀಳುವ ಸಾರ್ಗಾಸಮ್ ಪಾಚಿಯನ್ನು ವಿಷಯವಾಗಿ ತೆಗೆದುಕೊಂಡಳು ಅಂದುಕೊಳ್ಳಿ. 2011ರಿಂದ ಈ ಕಂದು ಪಾಚಿ ಆ ದ್ವೀಪಗಳ ದಂಡೆಯ ಮೇಲೆ ರಾಶಿ ರಾಶಿ ಬಂದು ಬೀಳುತ್ತಿದೆ, ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಅವಳು ಮೊದಲು ಪ್ರಶ್ನೆಯನ್ನು ಸರಿಯಾಗಿ ಕಟ್ಟಬೇಕು. ‘ಪಾಚಿ ಸಮಸ್ಯೆ’ ಅಂದರೆ ಸಾಲದು. ‘ಪಾಚಿ ಬಂದ ತಿಂಗಳುಗಳಲ್ಲಿ ನಮ್ಮೂರ ಮೀನುಗಾರರು ಕಡಲಿಗೆ ಇಳಿದ ದಿನಗಳು ಕಡಿಮೆಯಾದವಾ?’ ಅಂತ ಕೇಳಬೇಕು. ಬೇರೆಯವರು ಇದರ ಬಗ್ಗೆ ಏನು ಬರೆದಿದ್ದಾರೆ ಓದಬೇಕು. ಪ್ರಶ್ನಾವಳಿ ಮಾಡಬೇಕು. ಯಾರನ್ನು ಕೇಳಿದೆ, ಯಾಕೆ ಅವರನ್ನೇ ಕೇಳಿದೆ ಅಂತ ಬರೆಯಬೇಕು. ಕೊನೆಗೆ ತನ್ನ ಲೆಕ್ಕದಲ್ಲಿ ಎಲ್ಲಿ ಕೊರತೆ ಇದೆ ಅನ್ನುವುದನ್ನೂ ತಾನೇ ಹೇಳಬೇಕು.

ಹದಿನೇಳು, ಹದಿನೆಂಟು ವರ್ಷಕ್ಕೆ ಇದನ್ನು ಒಂದು ಸಲ ಮಾಡಿದವರಿಗೆ ಮುಂದೆ ಎಂ.ಫಿಲ್. ಅಂದರೆ ಭಯ ಇರುವುದಿಲ್ಲ. ನಮ್ಮ ಪಿಯುಸಿಯಲ್ಲಿ ಇಂಥದ್ದು ಒಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಸಿಎಕ್ಸ್‌ಸಿ ಬರುವ ಮೊದಲು ಏನಿತ್ತು?

ಕೇಂಬ್ರಿಜ್. ಬ್ರಿಟನ್ ಬಿಟ್ಟು ಹೊರಗೆ ಕೇಂಬ್ರಿಜ್ ಶಾಲಾ ಪರೀಕ್ಷೆ ಮೊದಲು ನಡೆದದ್ದೇ ಟ್ರಿನಿಡಾಡ್‌ನಲ್ಲಿ, 1860ರ ದಶಕದಲ್ಲಿ. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ ಪ್ರಶ್ನೆಪತ್ರಿಕೆ ಇಂಗ್ಲೆಂಡಿನಿಂದ ಬರುತ್ತಿತ್ತು, ಉತ್ತರಪತ್ರಿಕೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಕಬ್ಬಿನ ಗದ್ದೆಯ ಪಕ್ಕ ಬೆಳೆದ ಮಕ್ಕಳು ಇಂಗ್ಲೆಂಡಿನ ರಾಜರ ಚರಿತ್ರೆ ಬರೆದು ಪಾಸಾಗಬೇಕಿತ್ತು. ತಮ್ಮ ಅಜ್ಜ ಅಜ್ಜಿಯರನ್ನು ಗುಲಾಮರಾಗಿ ಯಾರು ತಂದರು, ಹೇಗೆ ತಂದರು ಅನ್ನುವುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಈ ಪರೀಕ್ಷೆಯ ತುದಿಯಲ್ಲಿ ಒಂದು ದೊಡ್ಡ ಬಹುಮಾನ ಇತ್ತು, ಐಲ್ಯಾಂಡ್ ಸ್ಕಾಲರ್‌ಶಿಪ್. ಇಡೀ ದ್ವೀಪಕ್ಕೆ ವರ್ಷಕ್ಕೆ ಒಂದು, ಎರಡು, ಹೀಗೆ ಬೆರಳೆಣಿಕೆಯಷ್ಟು. ಗೆದ್ದವರಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯ. ಎರಡನೇ ಸ್ಥಾನ ಬಂದವರಿಗೆ ಗುಮಾಸ್ತೆ ಕೆಲಸ, ಇಲ್ಲವೇ ಮೇಷ್ಟ್ರ ಕೆಲಸ. ಟ್ರಿನಿಡಾಡ್‌ನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ ಅವರು 1931ರಲ್ಲಿ ಇದನ್ನು ಗೆದ್ದು ಆಕ್ಸ್‌ಫರ್ಡ್‌ಗೆ ಹೋಗಿ ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವರು, ರಾಜಕೀಯಕ್ಕೆ ಬರುವ ಮೊದಲು ಅಮೆರಿಕದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು.

ಆರ್ಥರ್ ಲೂಯಿಸ್ ಕಥೆ ಹೇಳ್ತಾರಲ್ಲ, ಅದು ನಿಜವಾ?

ನಿಜ, ಚೆನ್ನಾಗಿಯೂ ಇದೆ. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ಲೂಯಿಸ್ 1915ರಲ್ಲಿ ಸೇಂಟ್ ಲೂಸಿಯಾದಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಆಂಟಿಗಾದಿಂದ ಬಂದ ಶಾಲಾ ಶಿಕ್ಷಕರು. ಏಳು ವರ್ಷದವರಾಗಿದ್ದಾಗ ಕಾಯಿಲೆ ಬಿದ್ದು ಕೆಲವು ವಾರ ಶಾಲೆಗೆ ಹೋಗಲಾಗಲಿಲ್ಲ. ಮಗ ಹಿಂದೆ ಬೀಳಬಾರದು ಅಂತ ಅಪ್ಪ ದಿನಾ ಮನೆಯಲ್ಲೇ ಪಾಠ ಹೇಳಿದರು. ಹುಡುಗ ವಾಪಸ್ ಹೋದಾಗ ನಾಲ್ಕನೇ ತರಗತಿಯಿಂದ ನೇರ ಆರನೇ ತರಗತಿಗೆ ಹಾಕಿದರು. ಅಪ್ಪ ಅದೇ ಕಾಲಕ್ಕೆ ತೀರಿಕೊಂಡರು, ಅಮ್ಮ ಐದು ಗಂಡು ಮಕ್ಕಳನ್ನು ಸಾಕಿದರು.

ಹದಿನಾಲ್ಕಕ್ಕೆ ಶಾಲೆಯ ಪಾಠವೆಲ್ಲ ಮುಗಿಯಿತು. ಸ್ಕಾಲರ್‌ಶಿಪ್ ಪರೀಕ್ಷೆಗೆ ವಯಸ್ಸು ಸಾಲದು. ಹಾಗಾಗಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಕಾದರು, 1932ರಲ್ಲಿ ಬರೆದು ಗೆದ್ದರು. ಎಂಜಿನಿಯರ್ ಆಗುವ ಆಸೆ ಇತ್ತು, ಆದರೆ ಕಪ್ಪು ಜನರಿಗೆ ಆ ಕೆಲಸ ಯಾರೂ ಕೊಡುತ್ತಿರಲಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1948ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಪ್ರೊಫೆಸರ್. 1959ರಲ್ಲಿ ಕೆರಿಬಿಯನ್‌ಗೆ ವಾಪಸ್ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್. ಸಿಎಕ್ಸ್‌ಸಿ ತನ್ನ ಮೊದಲ ಪರೀಕ್ಷೆ ನಡೆಸಿದ್ದೂ ಅದೇ ವರ್ಷ.

ಆದರೆ ಒಂದು ಮಾತು ಹೇಳಲೇಬೇಕು. ಇದನ್ನು ‘ಪ್ರತಿಭೆ ಇದ್ದರೆ ಸಾಕು’ ಅನ್ನುವ ಕಥೆಯಾಗಿ ಹೇಳುವುದು ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ಇಬ್ಬರು ಮೇಷ್ಟ್ರು ಇದ್ದರು. ಅದಿಲ್ಲದ ಮನೆಯ ಎಷ್ಟು ಮಕ್ಕಳು ಗುಮಾಸ್ತೆ ಕುರ್ಚಿಯಲ್ಲೇ ಉಳಿದರೋ.

ಸ್ಕಾಲರ್‌ಶಿಪ್ ಸಿಗದ ಬಡ ಮಕ್ಕಳು ಏನು ಮಾಡುತ್ತಿದ್ದರು?

ಪ್ಯೂಪಿಲ್ ಟೀಚರ್ ಆಗುತ್ತಿದ್ದರು. ಹದಿನಾಲ್ಕು, ಹದಿನೈದು ವರ್ಷದ ಹುಡುಗ ಹುಡುಗಿಯರು ಹಗಲು ಚಿಕ್ಕ ತರಗತಿಗಳಿಗೆ ಪಾಠ ಹೇಳುವುದು, ಶಾಲೆ ಶುರುವಾಗುವ ಮುಂಚೆಯೋ ಬಿಟ್ಟ ಮೇಲೋ ಹೆಡ್‌ಮಾಸ್ಟರ್ ಹತ್ತಿರ ತಾವು ಪಾಠ ಕಲಿಯುವುದು, ವರ್ಷಕ್ಕೊಂದು ಪರೀಕ್ಷೆ ಕಟ್ಟುವುದು. ಎಲ್ಲ ಪಾಸಾದರೆ ಶಿಕ್ಷಕರ ತರಬೇತಿ ಕಾಲೇಜು. ಹೈಸ್ಕೂಲಿನ ಫೀಸು ಕಟ್ಟಲಾಗದ ಮನೆಗಳಿಗೆ ಇದ್ದ ದಾರಿ ಇದೊಂದೇ ಅಂದರೂ ತಪ್ಪಿಲ್ಲ. ಸಂಬಳ ತೀರಾ ಕಡಿಮೆ, ಕೆಲಸ ಮೈಮುರಿಯುವಷ್ಟು.

ಆ ಕಾಲೇಜುಗಳಲ್ಲಿ ಹೆಸರಾದದ್ದು ಕಿಂಗ್‌ಸ್ಟನ್‌ನ ಮೈಕೋ. ಅದರ ಹಿನ್ನೆಲೆ ಕೇಳಿ. ಲೇಡಿ ಮೈಕೋ ಅನ್ನುವ ಲಂಡನ್ನಿನ ಶ್ರೀಮಂತ ವಿಧವೆ 17ನೇ ಶತಮಾನದಲ್ಲಿ 1000 ಪೌಂಡ್ ಬಿಟ್ಟುಹೋದರು. ಉತ್ತರ ಆಫ್ರಿಕಾದ ಕಡಲ್ಗಳ್ಳರ ಕೈಗೆ ಸಿಕ್ಕ ಕ್ರೈಸ್ತರನ್ನು ಬಿಡಿಸಿ ತರಲು ಆ ಹಣ. ಕಡಲ್ಗಳ್ಳರ ಕಾಟ ಮುಗಿಯಿತು, ಹಣ ಬಡ್ಡಿ ಸೇರಿ ಸೇರಿ ಒಂದು ಲಕ್ಷ ಪೌಂಡ್ ದಾಟಿತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ, ಆ ಹಣವನ್ನು ಬಿಡುಗಡೆಯಾದ ಜನರ ಶಾಲೆಗಳಿಗೆ ಬಳಸಲಾಯಿತು. ಆಗ ಕಟ್ಟಿದ ಕಾಲೇಜುಗಳಲ್ಲಿ ಮೈಕೋ ಇವತ್ತಿಗೂ ನಡೆಯುತ್ತಿದೆ, ಈಗ ಅದು ಪದವಿ ಕೊಡುವ ಯೂನಿವರ್ಸಿಟಿ ಕಾಲೇಜು. ಹೆಣ್ಣುಮಕ್ಕಳಿಗಾಗಿ ಶಾರ್ಟ್‌ವುಡ್ 1885ರಲ್ಲಿ ಬಂತು. ಬಾರ್ಬಡೋಸ್‌ನಲ್ಲಿ ಎರ್ಡಿಸ್ಟನ್, ಗಯಾನಾದಲ್ಲಿ ಸಿರಿಲ್ ಪಾಟರ್ ಕಾಲೇಜು ಇವೆ.

ಈಗ ಶಾಲಾ ಶಿಕ್ಷಕರಾಗಲು ಏನು ಬೇಕು?

ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಮೊದಲು ಐದು ಸಬ್ಜೆಕ್ಟ್ ಮತ್ತು ಎರಡು ವರ್ಷದ ತರಬೇತಿ ಸಾಕಿತ್ತು. ಈಗ ಹೆಚ್ಚಿನ ಕಡೆ ಬಿ.ಎಡ್. ಪದವಿ ಕೇಳುತ್ತಾರೆ. ಹೈಸ್ಕೂಲಿಗೆ ಹಲವರು ಬರಿ ಬಿ.ಎ. ಅಥವಾ ಬಿ.ಎಸ್ಸಿ. ಇಟ್ಟುಕೊಂಡು ಸೇರಿ, ಕೆಲಸದಲ್ಲಿದ್ದುಕೊಂಡೇ ಡಿಪ್ಲೊಮಾ ಇನ್ ಎಜುಕೇಷನ್ ಮಾಡುತ್ತಾರೆ.

ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ದಾಟುವುದು ಹೇಗೆ? ನೆಟ್ ತರಹದ ಪರೀಕ್ಷೆ ಇದೆಯಾ?

ಇಲ್ಲ. ನಮ್ಮ ನೆಟ್, ಕೆ-ಸೆಟ್ ತರಹ ಒಂದು ಅರ್ಹತಾ ಪರೀಕ್ಷೆ ಅಲ್ಲಿ ಇಲ್ಲ. ಹಾಗಂತ ಸುಲಭವೂ ಅಲ್ಲ.

ಮೊದಲು ವಿಶ್ವವಿದ್ಯಾಲಯದ ಬಗ್ಗೆ ಎರಡು ಮಾತು. ಯೂನಿವರ್ಸಿಟಿ ಆಫ್ ದಿ ವೆಸ್ಟ್ ಇಂಡೀಸ್ 1948ರಲ್ಲಿ ಜಮೈಕಾದ ಮೋನಾದಲ್ಲಿ ಶುರುವಾಯಿತು, 33 ವೈದ್ಯಕೀಯ ವಿದ್ಯಾರ್ಥಿಗಳೊಂದಿಗೆ. ಆಗ ಪದವಿ ಲಂಡನ್ ವಿಶ್ವವಿದ್ಯಾಲಯದ್ದು. 1962ರಲ್ಲಿ ಸ್ವತಂತ್ರವಾಯಿತು. ಟ್ರಿನಿಡಾಡ್‌ನ ಸೇಂಟ್ ಅಗಸ್ಟೀನ್, ಬಾರ್ಬಡೋಸ್‌ನ ಕೇವ್ ಹಿಲ್ ಆಮೇಲೆ ಬಂದವು, 2019ರಲ್ಲಿ ಆಂಟಿಗಾದಲ್ಲಿ ಇನ್ನೊಂದು. ದೂರದ ದ್ವೀಪಗಳಿಗಾಗಿ ಆನ್‌ಲೈನ್ ಕ್ಯಾಂಪಸ್ ಇದೆ. ಹುಡುಗರು ಈ ಇಡೀ ವಿಶ್ವವಿದ್ಯಾಲಯವನ್ನು ‘ಯೂವಿ’ ಅನ್ನುತ್ತಾರೆ. ಗಯಾನಾಕ್ಕೆ 1963ರಿಂದ ಬೇರೆ ವಿಶ್ವವಿದ್ಯಾಲಯ ಇದೆ.

ಶಾಲೆಯಲ್ಲಿರುವ ಶಿಕ್ಷಕರು ಸಾಮಾನ್ಯವಾಗಿ ಹೀಗೆ ದಾಟುತ್ತಾರೆ. ಕೆಲಸ ಮಾಡುತ್ತಲೇ ಡಿಪ್ಲೊಮಾ, ಆಮೇಲೆ ಸಂಜೆ ಮತ್ತು ಶನಿವಾರದ ಕ್ಲಾಸಿನಲ್ಲಿ ಎಂ.ಎಡ್. ಅಥವಾ ತಮ್ಮ ವಿಷಯದಲ್ಲಿ ಎಂ.ಎ. ನಂತರ ಎಂ.ಫಿಲ್.ಗೆ ಹೆಸರು ಹಚ್ಚುತ್ತಾರೆ. ಪಿಎಚ್‌.ಡಿ.ಗೆ ನೇರವಾಗಿ ಸೇರಿಸಿಕೊಳ್ಳುವುದು ಕಡಿಮೆ. ಕೆಲಸ ಚೆನ್ನಾಗಿ ನಡೆದಿದ್ದರೆ, ಒಂದು ಸೆಮಿನಾರ್‌ನಲ್ಲಿ ತಮ್ಮ ಸಂಶೋಧನೆ ಮಂಡಿಸಿ, ಎಂ.ಫಿಲ್. ಅನ್ನು ಪಿಎಚ್‌.ಡಿ.ಗೆ ಏರಿಸಿಕೊಳ್ಳಬಹುದು. ಈ ಸೆಮಿನಾರ್‌ಗೆ ಜನ ನಿಜಕ್ಕೂ ಹೆದರುತ್ತಾರೆ, ಯಾಕೆಂದರೆ ಹಲವು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ತೂಗಿ ಹೋಗುತ್ತದೆ. ಈ ಮಧ್ಯೆ ಅರೆಕಾಲಿಕ ಟ್ಯೂಟರ್ ಆಗಿ ಡಿಗ್ರಿ ಮಕ್ಕಳ ಸಣ್ಣ ಗುಂಪುಗಳಿಗೆ ಪಾಠ ಮಾಡುವ ಅವಕಾಶ ಸಿಗುತ್ತದೆ. ದುಡ್ಡು ಕಡಿಮೆ, ಆದರೆ ಬಿಡಬೇಡಿ. ವಿಭಾಗದವರಿಗೆ ನಿಮ್ಮ ಮುಖ ಪರಿಚಯ ಆಗುವುದು ಅಲ್ಲೇ.

ಹುದ್ದೆಯ ಮೆಟ್ಟಿಲು: ಅಸಿಸ್ಟೆಂಟ್ ಲೆಕ್ಚರರ್, ಲೆಕ್ಚರರ್, ಸೀನಿಯರ್ ಲೆಕ್ಚರರ್, ಪ್ರೊಫೆಸರ್. ಮೇಲೆ ಹೋಗಲು ಪಾಠ, ಪ್ರಕಟಣೆ, ಸಮಾಜಕ್ಕೆ ಮಾಡಿದ ಕೆಲಸ, ಮೂರನ್ನೂ ನೋಡುತ್ತಾರೆ.

ಶಾಲೆಯಲ್ಲಿ ಪಾಠ ಮಾಡಿದ ವರ್ಷಗಳು ವ್ಯರ್ಥವಾ?

ಖಂಡಿತ ಇಲ್ಲ. ಜಮೈಕಾದ ವೆಲ್ಮಾ ಪೊಲಾರ್ಡ್ ಅವರನ್ನು ನೋಡಿ. ಅಪ್ಪ ರೈತ, ಅಮ್ಮ ಶಾಲಾ ಶಿಕ್ಷಕಿ. ಕಿಂಗ್‌ಸ್ಟನ್‌ನ ಎಕ್ಸೆಲ್ಸಿಯರ್ ಹೈಸ್ಕೂಲು, ಆಮೇಲೆ ಮೋನಾದಲ್ಲಿ ಭಾಷೆಗಳ ಪದವಿ, ನಂತರ ಕೆನಡಾ. ಹೈಸ್ಕೂಲುಗಳಲ್ಲಿ ಪಾಠ ಮಾಡಿದವರು. ಮುಂದೆ ಮೋನಾದಲ್ಲೇ ಶಿಕ್ಷಣ ವಿಭಾಗ ಸೇರಿ, ಡೀನ್ ಕೂಡ ಆದರು. ಅವರು ಹೆಸರು ಮಾಡಿದ್ದು ರಾಸ್ತಫಾರಿ (ಜಮೈಕಾದಲ್ಲಿ ಹುಟ್ಟಿದ ಒಂದು ಧಾರ್ಮಿಕ ಪಂಥ) ಜನರ ಮಾತಿನ ಮೇಲೆ ನಡೆಸಿದ ಅಧ್ಯಯನದಿಂದ. ಬೀದಿಯ ಮಾತು, ಕೆಟ್ಟ ಇಂಗ್ಲಿಷ್ ಅಂತ ಶಾಲೆಗಳು ದೂರ ಇಟ್ಟದ್ದನ್ನು ಅವರು ಕಿವಿಗೊಟ್ಟು ಕೇಳಿ, ಅದಕ್ಕೂ ನಿಯಮಗಳಿವೆ ಅಂತ ತೋರಿಸಿದರು.

ಇದು ಅಲ್ಲಿನ ಪ್ರತಿ ಇಂಗ್ಲಿಷ್ ಶಿಕ್ಷಕರ ದಿನನಿತ್ಯದ ಸಮಸ್ಯೆ. ಮಗು ಮನೆಯಲ್ಲಿ ಕ್ರಿಯೋಲ್ (ಇಂಗ್ಲಿಷ್ ಮತ್ತು ಆಫ್ರಿಕಾದ ಭಾಷೆಗಳು ಬೆರೆತು ಹುಟ್ಟಿದ ಆಡುಮಾತು) ಮಾತಾಡುತ್ತದೆ, ಪರೀಕ್ಷೆ ಇಂಗ್ಲಿಷಿನಲ್ಲಿ. ಎರಡರ ಶಬ್ದಗಳು ಒಂದೇ ಥರ ಕೇಳಿಸುವುದರಿಂದ, ಮಗುವಿಗೆ ತಾನು ಬರೆದದ್ದು ಯಾಕೆ ತಪ್ಪಾಯಿತು ಅಂತಲೇ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಅದೇ ತಪ್ಪನ್ನು ತಿದ್ದಿದ ಶಿಕ್ಷಕಿಗೆ ಒಂದು ದಿನ ಪ್ರಶ್ನೆ ಏಳುತ್ತದೆ: ಎಲ್ಲರೂ ಇದೇ ತಪ್ಪನ್ನು ಯಾಕೆ ಮಾಡುತ್ತಾರೆ? ಒಳ್ಳೆಯ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಾ?

ಎಲ್ಸಾ ಗೋವಿಯಾ ಹೆಸರು ಎಲ್ಲ ಕಡೆ ಬರುತ್ತೆ. ಯಾರು ಅವರು?

ನನಗೆ ತುಂಬಾ ಇಷ್ಟದ ಇತಿಹಾಸಕಾರ್ತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. 1925ರಲ್ಲಿ ಆಗಿನ ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದರು. 1944ರಲ್ಲಿ ಅಲ್ಲಿನ ದೊಡ್ಡ ಸ್ಕಾಲರ್‌ಶಿಪ್ ಗೆದ್ದರು, ಅದನ್ನು ಗೆದ್ದ ಮೊದಲ ಹೆಣ್ಣುಮಗಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇತಿಹಾಸ ಓದಿದರು, ಅಲ್ಲಿ ಇಂಗ್ಲಿಷ್ ಇತಿಹಾಸಕ್ಕೆ ಕೊಡುವ ಬಹುಮಾನವನ್ನೂ ಪಡೆದರು. ಇಂಗ್ಲಿಷರನ್ನು ಅವರದೇ ಇತಿಹಾಸದಲ್ಲಿ ಗೆದ್ದರು ಅನ್ನಿ.

ಅಲ್ಲೇ ಉಳಿಯಬಹುದಿತ್ತು. 1950ರಲ್ಲಿ ಮೋನಾಕ್ಕೆ ಬಂದು ಸೇರಿದರು, ಕಾಲೇಜು ಶುರುವಾಗಿ ಎರಡೇ ವರ್ಷ ಆಗಿತ್ತು. ಪಾಠ ಮಾಡುತ್ತಾ 1952ರಲ್ಲಿ ಪಿಎಚ್‌.ಡಿ. ಮುಗಿಸಿದರು. 1961ರಲ್ಲಿ ವೆಸ್ಟ್ ಇಂಡಿಯನ್ ಇತಿಹಾಸದ ಪ್ರೊಫೆಸರ್ ಆದರು. ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಅವರೇ. ಗುಲಾಮಗಿರಿಯ ಕಾಲದ ಸಮಾಜವನ್ನು, ಅದರ ಕಾನೂನನ್ನು, ಒಡೆಯರು ಗುಲಾಮರು ನಡುವಿನವರು ಎಲ್ಲರನ್ನೂ ಸೇರಿಸಿ ಒಂದೇ ಸಮಾಜವಾಗಿ ನೋಡಿದರು. ಅವರ ಕೈಕೆಳಗೆ ಕಲಿತವರು ದ್ವೀಪ ದ್ವೀಪಗಳ ಶಾಲೆಗೆ ಇತಿಹಾಸದ ಮೇಷ್ಟ್ರಾಗಿ ಹೋದರು.

ಅವರ ಸಹೋದ್ಯೋಗಿ ರಾಯ್ ಓಜಿಯರ್ ಸೇಂಟ್ ಲೂಸಿಯಾದವರು, ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು, ಸ್ಕಾಟ್ಲೆಂಡಿನಲ್ಲಿ ಓದಿ ಮೋನಾಕ್ಕೆ ಬಂದವರು. 1960ರಲ್ಲಿ ಅವರು ಇತರ ಮೂವರ ಜೊತೆ ಸೇರಿ ಶಾಲಾ ಮಕ್ಕಳಿಗೆ ಕೆರಿಬಿಯನ್ ಇತಿಹಾಸದ ಪಠ್ಯಪುಸ್ತಕ ಬರೆದರು. 1979ರಲ್ಲಿ ಸಿಎಕ್ಸ್‌ಸಿ ಐದು ವಿಷಯಗಳಲ್ಲಿ ಮೊದಲ ಪರೀಕ್ಷೆ ಇಟ್ಟಾಗ ಅದರಲ್ಲಿ ಒಂದು ಕೆರಿಬಿಯನ್ ಇತಿಹಾಸ. ಮುಂದೆ ಓಜಿಯರ್ ಆ ಮಂಡಳಿಗೇ ಅಧ್ಯಕ್ಷರಾದರು. ಗೋವಿಯಾ 1980ರಲ್ಲಿ ತೀರಿಕೊಂಡರು. ತಮ್ಮ ವಿಷಯ ಶಾಲಾ ಮಕ್ಕಳ ಪ್ರಶ್ನೆಪತ್ರಿಕೆಗೆ ಬಂದದ್ದು ಅವರ ಕಾಲದಲ್ಲೇ ಆಯಿತು ಅನ್ನುವುದು ನನಗೆ ಸಮಾಧಾನ.

ಪರೀಕ್ಷಾ ಮೌಲ್ಯಮಾಪನಕ್ಕೆ ಹೋದರೆ ಲಾಭ ಇದೆಯಾ?

ದುಡ್ಡಿಗಿಂತ ಜಾಸ್ತಿ ಲಾಭ ಇದೆ. ಬಹಳ ವರ್ಷ ಜೂನ್, ಜುಲೈ ಬಂತೆಂದರೆ ಬೇರೆ ಬೇರೆ ದ್ವೀಪದ ಶಿಕ್ಷಕರು ಒಂದು ಊರಿನಲ್ಲಿ ಸೇರುತ್ತಿದ್ದರು. ಒಂದೊಂದು ಮೇಜಿಗೆ ಒಂದು ಗುಂಪು. ಮೊದಲು ಎಲ್ಲರೂ ಒಂದೇ ಉತ್ತರಕ್ಕೆ ಅಂಕ ಕೊಟ್ಟು ನೋಡುವುದು, ಒಬ್ಬರು 8 ಕೊಟ್ಟದ್ದಕ್ಕೆ ಇನ್ನೊಬ್ಬರು 5 ಕೊಟ್ಟಿದ್ದರೆ ಯಾಕೆ ಅಂತ ವಾದ ಮಾಡುವುದು, ಒಂದು ಒಪ್ಪಂದಕ್ಕೆ ಬಂದ ಮೇಲೆ ಕಟ್ಟು ಬಿಚ್ಚುವುದು. ಗಯಾನಾದ ಶಿಕ್ಷಕಿ ಗ್ರೆನೆಡಾದ ಮಗುವಿನ ಉತ್ತರ ಓದುತ್ತಾಳೆ. ತನ್ನ ಊರಿನ ಮಕ್ಕಳಿಗೆ ಅರ್ಥವಾಗುವ ಪ್ರಶ್ನೆ ಬೇರೆ ಊರಿನ ಮಕ್ಕಳಿಗೆ ಬೇರೆ ಥರ ಕೇಳಿಸುತ್ತದೆ ಅಂತ ಅಲ್ಲೇ ತಿಳಿಯುತ್ತದೆ.

ಈಗ ಹೆಚ್ಚಿನ ಮೌಲ್ಯಮಾಪನ ಕಂಪ್ಯೂಟರ್ ಪರದೆಯ ಮೇಲೆ, ಮನೆಯಿಂದಲೇ. ಅನುಕೂಲ ಹೌದು. ಆದರೆ ಆ ಮೇಜಿನ ಸುತ್ತ ನಡೆಯುತ್ತಿದ್ದ ವಾದ ಕಡಿಮೆಯಾಗಿದೆ, ಅದು ನಷ್ಟವೇ.

ಫೀಸು ಹೇಗೆ? ಸರ್ಕಾರ ಕಟ್ಟುತ್ತಾ?

ಟ್ರಿನಿಡಾಡ್‌ನಲ್ಲಿ 2004ರಿಂದ ವಿಶ್ವವಿದ್ಯಾಲಯದ ಫೀಸನ್ನು ಸರ್ಕಾರ ಕಟ್ಟುವ ಗೇಟ್ ಅನ್ನುವ ಯೋಜನೆ ಇದೆ. ಮೊದಲು ಉದಾರವಾಗಿತ್ತು, ಆಮೇಲೆ ಮನೆಯ ಆದಾಯ ನೋಡಿ ಕೊಡತೊಡಗಿದರು. ಬಾರ್ಬಡೋಸ್‌ನವರು 2014ರಲ್ಲಿ ಫೀಸು ಹಾಕಿ, 2018ರಲ್ಲಿ ತೆಗೆದುಹಾಕಿದರು. ಸರ್ಕಾರ ಬದಲಾದರೆ ಇದೂ ಬದಲಾಗುತ್ತದೆ. ಸೇರುವ ವರ್ಷದ ನಿಯಮ ಕೇಳಿಕೊಳ್ಳಿ.

ಓದಿದವರೆಲ್ಲ ಅಮೆರಿಕ, ಇಂಗ್ಲೆಂಡಿಗೆ ಹೋಗಿಬಿಡ್ತಾರಂತೆ?

ಬಹಳ ಜನ ಹೋಗುತ್ತಾರೆ. 2000ದ ದಶಕದ ಶುರುವಿನಲ್ಲಿ ಲಂಡನ್, ನ್ಯೂಯಾರ್ಕ್ ಶಾಲೆಗಳಿಗೆ ಶಿಕ್ಷಕರು ಬೇಕಾಗಿ, ಜಮೈಕಾದಿಂದ ಗುಂಪು ಗುಂಪಾಗಿ ಕರೆದುಕೊಂಡು ಹೋದರು. ತರಗತಿ ನಡೆಯುತ್ತಿರುವಾಗಲೇ ಗಣಿತ, ವಿಜ್ಞಾನದ ಮೇಷ್ಟ್ರು ಕಾಣೆ. ಸಣ್ಣ ದೇಶಗಳು ದನಿ ಎತ್ತಿದ ಮೇಲೆ 2004ರಲ್ಲಿ ಕಾಮನ್‌ವೆಲ್ತ್ ದೇಶಗಳು ಶಿಕ್ಷಕರ ನೇಮಕಾತಿಗೆ ಒಂದು ಒಪ್ಪಂದ ಮಾಡಿಕೊಂಡವು. ಅದಕ್ಕೆ ಕಾನೂನಿನ ಬಲ ಇಲ್ಲ, ಆದರೂ ಈ ವಿಷಯ ಸಣ್ಣ ದ್ವೀಪಗಳಿಂದ ಎದ್ದದ್ದು ಅನ್ನುವುದು ನೆನಪಿರಲಿ. ಹೋದವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಸಂಬಳ ಎಷ್ಟೋ ಪಾಲು ಜಾಸ್ತಿ ಇದ್ದಾಗ ಮನೆ ನಡೆಸುವವರು ಏನು ಮಾಡಬೇಕು?

ಭಾರತೀಯ ಮೂಲದ ಶಿಕ್ಷಕರು ಅಲ್ಲಿ ತುಂಬಾ ಇದ್ದಾರಲ್ಲ, ಅವರಲ್ಲಿ ಕನ್ನಡಿಗರು ಇದ್ದಾರಾ?

ಟ್ರಿನಿಡಾಡ್‌ಗೆ 1845ರಿಂದ, ಗಯಾನಾಕ್ಕೆ 1838ರಿಂದ ಕೂಲಿಗಳಾಗಿ ಹೋದವರಲ್ಲಿ ಹೆಚ್ಚಿನವರು ಭೋಜ್‌ಪುರಿ ಸೀಮೆಯವರು, ಸ್ವಲ್ಪ ಜನ ತಮಿಳು, ತೆಲುಗು ಕಡೆಯವರು. ಕನ್ನಡದ ನಂಟು ಅಲ್ಲಿ ಹುಡುಕುವುದು ಬೇಡ. ಟ್ರಿನಿಡಾಡ್‌ನಲ್ಲಿ ಈ ಮಕ್ಕಳಿಗೆ ಶಾಲೆ ತೆರೆದವರು ಕೆನಡಾದ ಪ್ರೆಸ್ಬಿಟೇರಿಯನ್ ಮಿಷನರಿಗಳು, 1868ರಿಂದ. ಸ್ಯಾನ್ ಫರ್ನಾಂಡೋದ ನಪರೀಮಾ ಶಾಲೆಗಳು, ಶಿಕ್ಷಕರ ತರಬೇತಿ ಕಾಲೇಜು ಅವರದೇ. ಕಬ್ಬು ಕಡಿಯುವವರ ಮನೆಯಿಂದ ಮೊದಲ ಮೇಷ್ಟ್ರು ಬಂದದ್ದು ಹೆಚ್ಚಾಗಿ ಇಲ್ಲಿಂದಲೇ. ಆದರೆ ಬಹಳ ಕಾಲ ಮೇಷ್ಟ್ರ ಕೆಲಸಕ್ಕೆ ಮತಾಂತರ ಆಗಬೇಕಾದ ಒತ್ತಡ ಇತ್ತು. 1950ರ ದಶಕದಲ್ಲಿ ಅಲ್ಲಿನ ಹಿಂದೂಗಳ ಸನಾತನ ಧರ್ಮ ಮಹಾಸಭಾ ತನ್ನದೇ ಶಾಲೆಗಳನ್ನು ಕಟ್ಟಲು ಅದು ದೊಡ್ಡ ಕಾರಣ.

ಕ್ರಿಕೆಟಿಗೂ ಈ ವಿಶ್ವವಿದ್ಯಾಲಯಕ್ಕೂ ಸಂಬಂಧ ಇದೆಯಾ?

ಇದೆ. ವೆಸ್ಟ್ ಇಂಡೀಸ್ ತಂಡದ ನಾಯಕರಾಗಿದ್ದ ಫ್ರ್ಯಾಂಕ್ ವೊರೆಲ್ ಮ್ಯಾಂಚೆಸ್ಟರ್‌ನಲ್ಲಿ ಪದವಿ ಮಾಡಿದವರು, ಮೋನಾದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. 1962ರಲ್ಲಿ ಬಾರ್ಬಡೋಸ್‌ನಲ್ಲಿ ನಮ್ಮ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಿದ್ದಾಗ ರಕ್ತ ಕೊಟ್ಟವರಲ್ಲಿ ಅವರೂ ಒಬ್ಬರು.

ನನಗೆ ನಲವತ್ತು ದಾಟಿದೆ. ಅಲ್ಲಿನ ಶಾಲೆಯೊಂದರಲ್ಲೇ ಪಾಠ ಮಾಡುತ್ತಿದ್ದೇನೆ. ಈಗ ಶುರು ಮಾಡಬಹುದಾ?

ಮಾಡಬಹುದು. ಅಲ್ಲಿ ಎಂ.ಎಡ್., ಎಂ.ಫಿಲ್. ಮಾಡುವವರಲ್ಲಿ ಹತ್ತು, ಹದಿನೈದು ವರ್ಷ ಪಾಠ ಮಾಡಿದವರು ಬೇಕಾದಷ್ಟಿದ್ದಾರೆ. ಆದರೆ ಮೊದಲೇ ಪಿಎಚ್‌.ಡಿ. ಅಂತ ಹೊರಡಬೇಡಿ. ಈ ವರ್ಷ ನಿಮ್ಮ ತರಗತಿಯ ಎಸ್‌ಬಿಎ ತಿದ್ದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಕ್ಕಳು ಎಲ್ಲಿ ಎಡವಿದರು, ಯಾವ ಮಾತಿಗೆ ಎಡವಿದರು, ಹುಡುಗ ಹುಡುಗಿಯರಲ್ಲಿ ವ್ಯತ್ಯಾಸ ಇದೆಯಾ, ಬರೆದಿಡಿ. ಹೆಸರು ಬರೆಯಬೇಡಿ, ಆಮೇಲೆ ಬಳಸಲು ಶಾಲೆಯ ಮತ್ತು ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಸಿಎಕ್ಸ್‌ಸಿ ಪ್ರತಿ ವಿಷಯಕ್ಕೂ ಪರೀಕ್ಷಕರ ವರದಿ ಪ್ರಕಟಿಸುತ್ತದೆ, ಮಕ್ಕಳು ಎಲ್ಲಿ ತಪ್ಪಿದರು ಅಂತ ಪ್ರಶ್ನೆವಾರು ಇರುತ್ತದೆ. ಅದನ್ನು ನಿಮ್ಮ ನೋಟ್‌ಬುಕ್ ಪಕ್ಕ ಇಟ್ಟು ಓದಿ. ಎಲ್ಲಿ ಅವರ ಮಾತು ನಿಮ್ಮ ತರಗತಿಗೆ ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕಿ. ಅರ್ಜಿ ತುಂಬುವಾಗ ‘ನಿಮ್ಮ ಸಂಶೋಧನಾ ಪ್ರಶ್ನೆ ಏನು’ ಅನ್ನುವ ಕಾಲಂಗೆ ಅಲ್ಲಿಂದಲೇ ಬರೆಯಬಹುದು.